ಮನೆಯ ವೈದ್ಯ: ಚಿಕಿತ್ಸೆಯನ್ನು ನಡುವೆ ಬಿಡುವುದು

ಅಫೀಮು, ಹೆರಾಯಿನ್ ಮೊದಲಾದವುಗಳ ಚಟಕ್ಕೆ ಸಿಕ್ಕಿದವರನ್ನು ವೈದ್ಯನ ಬಳಿಗೆ ಕರೆತರುವುದೇ ಕಷ್ಟವೆಂದು ಲೋಕವು ಬಗೆದಿದೆ. ಬಂದವರು ಚಿಕಿತ್ಸೆಯಲ್ಲಿ ನಿಲ್ಲುವುದು ಅದಕ್ಕಿಂತಲೂ ಕಷ್ಟ. ಈ ವಿಷಯದಲ್ಲಿ ಫ್ರಾನ್ಸ್ ದೇಶದವರು ಮಾಡಿದ ಕಾರ್ಯವು ವಾಚಕರು ತಿಳಿಯತಕ್ಕದ್ದಾಗಿದೆ.

1990ಕ್ಕೆ ಮೊದಲು ಆ ದೇಶದಲ್ಲಿ ಮೆಥಡೋನ್ ಎಂಬ ಬದಲಿ ಔಷಧವು ಬಹು ಸ್ವಲ್ಪ ಮಂದಿಗೆ ಮಾತ್ರ ದೊರೆಯುತ್ತಿತ್ತು. 1996ರಿಂದ ಬ್ಯೂಪ್ರೆನಾರ್ಫಿನ್ ಎಂಬ ಗುಳಿಗೆಯನ್ನು ಯಾವ ಸಾಮಾನ್ಯ ವೈದ್ಯನಾದರೂ ವಿಶೇಷ ಪರವಾನಗಿಯಿಲ್ಲದೆ ಬರೆದುಕೊಡಬಹುದಾಯಿತು. ನೆಗಡಿ ಕೆಮ್ಮುಗಳಿಗೆ ಹೋಗುವ ವೈದ್ಯನಲ್ಲಿಗೇ ಇದಕ್ಕೂ ಹೋಗಬಹುದಾದರೆ ನಾಚಿಕೆಯು ಅರ್ಧ ಕಳೆದಂತೆಯೇ ಸರಿ. ಮಿತಿಮೀರಿದ ಸೇವನೆಯಿಂದ ಸಾಯುವವರ ಸಂಖ್ಯೆಯು 1995ರಿಂದ 1999ರೊಳಗಾಗಿ ನೂರಕ್ಕೆ 79ರಷ್ಟು ಇಳಿಯಿತು. ಗುಳಿಗೆಯನ್ನು ಕರಗಿಸಿ ಸೂಜಿಯಿಂದ ಚುಚ್ಚಿಕೊಂಡವರೂ, ಬೀದಿಯಲ್ಲಿ ಮಾರಿದವರೂ ಇರಲಿಲ್ಲವೆಂದಲ್ಲ. ಆ ದೋಷವನ್ನು ಮುಚ್ಚಿಡುವುದು ತರವಲ್ಲ.

ಈ ಗುಳಿಗೆಯನ್ನು ನುಂಗದೆ ನಾಲಗೆಯ ಕೆಳಗಿಟ್ಟು ಕರಗಲು ಬಿಡಬೇಕು. ಮೆದುಳಿನಲ್ಲಿ ಅಫೀಮು ಹಿಡಿಯುವ ಸ್ಥಾನವನ್ನೇ ಇದು ಹಿಡಿದು, ಹಿಂದಿನ ಅಮಲನ್ನು ಕೊಡದೆಯೇ ಬೆವರು, ವಾಂತಿ, ಮೈಕೈ ನೋವು, ಕಡುಬಯಕೆಗಳನ್ನು ತಡೆಯುತ್ತದೆ. ಸಾಮಾನ್ಯವಾಗಿ ದಿನಕ್ಕೊಮ್ಮೆ ಸಾಕು.

ಕೆಲವು ತಿಂಗಳು ಕಳೆಯಲು ರೋಗಿಯು ಹೊಟ್ಟೆತುಂಬ ಉಣ್ಣುತ್ತಾನೆ, ಕೆಲಸಕ್ಕೆ ಹೋಗುತ್ತಾನೆ. ಆಗ ಮನೆಯ ಹಿರಿಯರು, “ಗುಣವಾಯಿತಲ್ಲ, ಒಂದು ಚಟ ಬಿಡಿಸಲು ಇನ್ನೊಂದು ಚಟವೇತಕ್ಕೆ?” ಎಂದು ಔಷಧವನ್ನು ನಿಲ್ಲಿಸಹೊರಡುವರು. ಸಿಹಿಮೂತ್ರದವನಿಗೆ ಇನ್ಸುಲಿನ್ ಬಿಡೆಂದು ಇವರೇ ಹೇಳಲಾರರು! ಬದಲಿ ಔಷಧವನ್ನು ಬಿಟ್ಟ ಮೊದಲ ನಾಲ್ಕು ವಾರಗಳಲ್ಲಿಯೇ ಸಾವಿನ ಭಯವು ಅತ್ಯಧಿಕ. ದೇಹವು ಹಳೆಯ ಸಹನಶಕ್ತಿಯನ್ನು ಕಳೆದುಕೊಂಡಿರುತ್ತದೆ; ಬಯಕೆ ಮರುಕಳಿಸಿ ಹಳೆಯ ಅಳತೆಯನ್ನೇ ಸೇವಿಸಿದರೆ ಉಸಿರು ನಿಂತುಹೋಗುವುದು.

ಆದುದರಿಂದ ಬುದ್ಧಿವಂತ ವೈದ್ಯನು ಗೊತ್ತಾದ ದಿನ ಬಾರದ ರೋಗಿಯನ್ನು ತಾನೇ ವಿಚಾರಿಸುತ್ತಾನೆ. ಮೂತ್ರಪರೀಕ್ಷೆಯಲ್ಲಿ ಹೆರಾಯಿನ್ ಕಂಡರೆ ಅವನನ್ನು ಹೊರದೂಡದೆ, ಔಷಧದ ಅಳತೆ ಸಾಲದೋ ಎಂದು ನೋಡುತ್ತಾನೆ. ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದಲ್ಲಿ ಈ ವಿಚಾರಣೆಯ ಬಹುಭಾಗವನ್ನು ದಾದಿಯರಿಗೇ ವಹಿಸಿ ಕೆಲಸವನ್ನು ಸುಲಭಮಾಡಿದರು. ಆ ದೇಶದಲ್ಲಿ ಈ ಗುಳಿಗೆ ಬರೆಯುವ ವೈದ್ಯರಿಗಿದ್ದ ವಿಶೇಷ ಅನುಮತಿಯ ನಿರ್ಬಂಧವನ್ನು 2022ರ ಕೊನೆಯಲ್ಲಿ ತೆಗೆದುಹಾಕಲಾಯಿತು. ನಮ್ಮಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವುಂಟು.

ಮನೆಯವರು ಮಾಡಬೇಕಾದುದು ಬಹಳವಿಲ್ಲ. ವೈದ್ಯನಲ್ಲಿಗೆ ಹೋಗುವ ದಿನವನ್ನು ನೆನಪಿಸುವುದು, ಒಮ್ಮೆ ಜಾರಿದರೆ ಮರುದಿನವೇ ಅಲ್ಲಿಗೆ ಕರೆದೊಯ್ಯುವುದು, ವೈದ್ಯನನ್ನು ಕೇಳದೆ ಔಷಧವನ್ನು ತಗ್ಗಿಸದಿರುವುದು. ಗುಳಿಗೆಗಳನ್ನು ಮಾತ್ರ ಬೀಗದ ಪೆಟ್ಟಿಗೆಯಲ್ಲಿಡಬೇಕು; ಎಳೆಯ ಮಕ್ಕಳಿಗೆ ಒಂದೇ ಗುಳಿಗೆಯೂ ಪ್ರಾಣಾಪಾಯಕರ.