ಬೋರ್ಡಿಗೆ ಕನ್ನಡ ಬಂತು, ಸಹಿ ಹಾಕುವ ಕಾಗದಕ್ಕೆ ಯಾವಾಗ?

ಕನ್ನಡದ ತರುಣ ಮಿತ್ರರೇ,

2023ರ ಡಿಸೆಂಬರ್ ತಿಂಗಳನ್ನು ನೀವು ಮರೆತಿರಲಾರಿರಿ. ನಾಮಫಲಕದ ಶೇಕಡ 60 ಭಾಗ ಕನ್ನಡದಲ್ಲಿರಲೇಬೇಕು ಎಂದು ಬೆಂಗಳೂರಿನ ಬೀದಿಗಳಲ್ಲಿ ಗಂಟಲು ಹರಿಯುವಂತೆ ಕೂಗಿದ ತಿಂಗಳದು. ಲಾಠಿ ಬಂತು, ಕೇಸು ಬಂತು, ಜೈಲೂ ಬಂತು. ಕೊನೆಗೆ 2024ರಲ್ಲಿ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ ತಿದ್ದುಪಡಿಯೂ ಬಂತು. ಇಂದು ದೊಡ್ಡ ದೊಡ್ಡ ಮಳಿಗೆಗಳ ನೆತ್ತಿಯ ಮೇಲೆ ಕನ್ನಡ ಕುಳಿತಿದೆ. ಸಂತೋಷ.

ಆದರೆ ಆ ಬೋರ್ಡಿನ ಕೆಳಗಿರುವ ಬಾಗಿಲು ತಳ್ಳಿ ಒಳಗೆ ಹೋಗಿ ನೋಡಿದ್ದೀರಾ? ಕನ್ನಡ ಬಾಗಿಲಲ್ಲೇ ಚಪ್ಪಲಿ ಬಿಟ್ಟು ನಿಂತಿರುತ್ತದೆ. ಒಳಗೆ ದುಡ್ಡಿನ ಲೆಕ್ಕ, ಷರತ್ತು, ಕರಾರು, ರಸೀದಿ ಎಲ್ಲವೂ ಇಂಗ್ಲಿಷು. ಇದಕ್ಕೆ ನೂರು ಉದಾಹರಣೆ ಕೊಡಬಹುದು. ಈ ಸಲ ಒಂದನ್ನೇ ಬಿಡಿಸಿ ಹೇಳುತ್ತೇವೆ: ಹಳೆಯ ಕಾರು ಕೊಳ್ಳುವ ಕಂಪನಿಗಳ ಅಂಗಡಿ.

ಕಾರು ಇರುವವರ ಕಷ್ಟ ನಮಗ್ಯಾಕೆ ಎಂದು ಮೂಗು ಮುರಿಯಬೇಡಿ. ಕಾರು ಈಗ ಸಾಹುಕಾರರ ಸೊತ್ತಲ್ಲ. ಸಾಲ ಮಾಡಿ ಆಲ್ಟೋ ಕೊಂಡ ಮೇಷ್ಟ್ರಿದ್ದಾರೆ. ನಿವೃತ್ತಿಯ ಹಣದಲ್ಲಿ ವ್ಯಾಗನ್-ಆರ್ ಕೊಂಡ ಬಸ್ ಕಂಡಕ್ಟರ್ ಇದ್ದಾರೆ. ಮಗಳ ಮದುವೆಗೋ, ಆಸ್ಪತ್ರೆಯ ಬಿಲ್ಲಿಗೋ ಅದನ್ನೇ ಮಾರುವ ಕಾಲವೂ ಅವರಿಗೆ ಬರುತ್ತದೆ. ಮನೆ, ಸೈಟು, ಒಡವೆ ಬಿಟ್ಟರೆ ನಮ್ಮ ಮಧ್ಯಮ ವರ್ಗದ ಮನೆಯಲ್ಲಿ ಬೆಲೆ ಬಾಳುವ ವಸ್ತು ಅದೊಂದೇ.

ಹಿಂದೆ ಈ ವ್ಯಾಪಾರ ಹೇಗಿತ್ತು? ಪರಿಚಯದ ಮೆಕ್ಯಾನಿಕ್ ಒಬ್ಬ ಗಿರಾಕಿ ತರುತ್ತಿದ್ದ. ದಲ್ಲಾಳಿ ನಡುವೆ ನಿಂತು ಎರಡೂ ಕಡೆ ಕಮಿಷನ್ ಹೊಡೆಯುತ್ತಿದ್ದ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುತ್ತಾರಲ್ಲ, ಹೆಚ್ಚು ಕಡಿಮೆ ಹಾಗೆಯೇ. 2001ರಲ್ಲಿ ಮಾರುತಿ ಕಂಪನಿ ಟ್ರೂ ವ್ಯಾಲ್ಯೂ ಎಂಬ ಹೆಸರಿನಲ್ಲಿ ಈ ಕಸುಬಿಗೆ ಇಳಿಯಿತು. 2015ರಲ್ಲಿ ಕಾರ್ಸ್24ನಂಥ ಹೊಸ ಕಂಪನಿಗಳು ಹುಟ್ಟಿದವು. ಈಗ ಮೊಬೈಲಿನಲ್ಲಿ ಗಾಡಿ ನಂಬರ್ ಒತ್ತಿದರೆ ಸಾಕು, ಬೆಲೆ ಕಾಣಿಸುತ್ತದೆ. ಮನೆ ಬಾಗಿಲಿಗೆ ಹುಡುಗ ಬಂದು ಕಾರು ನೋಡಿಕೊಂಡು ಹೋಗುತ್ತಾನೆ. ಬೇಗ ಮುಗಿಯುತ್ತದೆ, ದುಡ್ಡು ನೇರ ಬ್ಯಾಂಕಿಗೆ ಬರುತ್ತದೆ. ಈ ಅನುಕೂಲವನ್ನು ನಾವು ಅಲ್ಲಗಳೆಯುವುದಿಲ್ಲ. ಎಲ್ಲ ಕಂಪನಿಗಳೂ ಮೋಸ ಮಾಡುತ್ತವೆ ಎಂದೂ ಹೇಳುವುದಿಲ್ಲ. ನಮ್ಮ ಪ್ರಶ್ನೆ ಬೇರೆ.

ವ್ಯಾಪಾರ ನಡೆಯುವ ರೀತಿ ನೋಡಿ. ಮೊದಲು ಮೊಬೈಲಿನಲ್ಲಿ ತೋರುವುದು ಆಸೆಯ ಬೆಲೆ. ಅದು ಅಂದಾಜು ಮಾತ್ರ ಎಂದು ಕೆಳಗೆ ಇರುವೆ ಗಾತ್ರದ ಇಂಗ್ಲಿಷಿನಲ್ಲಿ ಬರೆದಿರುತ್ತದೆ. ನಂತರ ತಪಾಸಣೆಯ ಹುಡುಗ ಬರುತ್ತಾನೆ. ಬಣ್ಣದ ದಪ್ಪ ಅಳೆಯುವ ಮೀಟರ್ ಹಿಡಿದು ಯಾವ ಬಾಗಿಲಿಗೆ ಮರುಬಣ್ಣ ಬಳಿದಿದೆ ಎಂದು ಹಿಡಿಯುತ್ತಾನೆ. ಟೈರು, ಕ್ಲಚ್ಚು, ಎಂಜಿನ್ನಿನ ಸದ್ದು, ಗೀರು, ತಗ್ಗು ಎಲ್ಲವನ್ನೂ ಫೋಟೋ ಸಮೇತ ಬರೆದುಕೊಳ್ಳುತ್ತಾನೆ. ಅನೇಕ ಕಂಪನಿಗಳಲ್ಲಿ ಆಮೇಲೆ ನಡೆಯುವುದು ಹರಾಜು. ಎಲ್ಲೆಲ್ಲೋ ಕುಳಿತ ಡೀಲರುಗಳು ಬೆಲೆ ಕೂಗುತ್ತಾರೆ. ಅವರು ಕೂಗಿದ್ದೆಷ್ಟು, ನಿಮಗೆ ಹೇಳಿದ್ದೆಷ್ಟು? ಟವೆಲ್ಲಿನ ಮರೆಯ ಬೆರಳೇ ವಾಸಿ, ಅಲ್ಲಿ ನಿಮ್ಮ ಕೈಯೂ ಒಳಗಿರುತ್ತಿತ್ತು! ‘ಈ ಬೆಲೆ ಇವತ್ತೊಂದೇ ದಿನ ಸಾರ್’ ಎಂಬ ಒತ್ತಾಯ ಬೇರೆ. ಒಪ್ಪಿದಿರೋ, ಕಡಿತಗಳ ಪಟ್ಟಿ ಶುರು: ಸೇವಾ ಶುಲ್ಕ, ವರ್ಗಾವಣೆ ಶುಲ್ಕ, ಬಾಕಿ ದಂಡ. ಆರ್.ಸಿ. ವರ್ಗವಾಗುವವರೆಗೆ ಒಂದಷ್ಟು ಹಣ ತಡೆಹಿಡಿಯುವುದೂ ಉಂಟು.

ಕೊನೆಗೆ ಬರುವುದೇ ಮುಖ್ಯ ಘಳಿಗೆ. ಇಪ್ಪತ್ತು ಮೂವತ್ತು ಷರತ್ತುಗಳ ಇಂಗ್ಲಿಷ್ ಕರಾರು. ಕಾಗದದಲ್ಲೂ ಅಲ್ಲ, ಮೊಬೈಲಿನ ಪರದೆಯಲ್ಲಿ. ‘ಒಂದು ಓಟಿಪಿ ಬಂದಿದೆ, ಹೇಳಿ ಸಾರ್’ ಅನ್ನುತ್ತಾನೆ ಹುಡುಗ. ನಾವು ಹೇಳಿಬಿಡುತ್ತೇವೆ. ಗೆಳೆಯರೇ, ಆ ಆರು ಅಂಕಿ ಬರೀ ಅಂಕಿಯಲ್ಲ, ಅದು ನಿಮ್ಮ ಒಪ್ಪಿಗೆ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಪ್ರಕಾರ ಮೊಬೈಲಿನಲ್ಲಿ ಆದ ಕರಾರೂ ಕರಾರೇ. ‘ನಾನು ಓದಿರಲಿಲ್ಲ’ ಎಂದು ನಾಳೆ ಅತ್ತರೆ ಕೇಳುವವರಿಲ್ಲ.

ನಿಮಗೆ ಇಂಗ್ಲಿಷ್ ಬರುತ್ತದೆ ಎಂದು ಎದೆಯುಬ್ಬಿಸಬೇಡಿ. ಕಾರು ಯಾರ ಹೆಸರಿನಲ್ಲಿದೆ? ಬಹುಪಾಲು ಮನೆಗಳಲ್ಲಿ ಅಪ್ಪನ ಹೆಸರಿನಲ್ಲಿ, ಅಮ್ಮನ ಹೆಸರಿನಲ್ಲಿ. ಓಟಿಪಿ ಬರುವುದು ಅವರ ಮೊಬೈಲಿಗೆ. ಕನ್ನಡ ಶಾಲೆಯಲ್ಲಿ ಓದಿ, ಕನ್ನಡದಲ್ಲಿ ಲೆಕ್ಕ ಬರೆದು, ಮೂವತ್ತು ವರ್ಷ ದುಡಿದ ಮನುಷ್ಯ ತಾನು ಬೆವರು ಸುರಿಸಿ ಕೊಂಡ ಕಾರನ್ನು ತನಗೆ ಅರ್ಥವಾಗದ ಭಾಷೆಯಲ್ಲಿ ಮಾರಬೇಕು! ಅದೂ ಕನ್ನಡ ನಾಡಿನ ರಾಜಧಾನಿಯಲ್ಲಿ! ಇದಕ್ಕಿಂತ ನಾಚಿಕೆಗೇಡು ಇನ್ನೇನಿದೆ?

ಇದು ಬರೀ ಅಭಿಮಾನದ ಮಾತಲ್ಲ. ಓದದ ಕಾಗದ ಮನೆಯನ್ನೇ ಮುಳುಗಿಸಬಹುದು. ಒಂದು ಮೊಕದ್ದಮೆಯ ಕತೆ ಕೇಳಿ. 2007ರಲ್ಲಿ ಒಬ್ಬರು ಕಾರು ಮಾರಿದರು. ಕಾರು ಒಬ್ಬರಿಂದ ಒಬ್ಬರಿಗೆ ಕೈ ಬದಲಾಯಿಸುತ್ತಾ ಹೋಯಿತು, ಆದರೆ ಆರ್.ಸಿ.ಯಲ್ಲಿ ಹೆಸರು ಬದಲಾಗಲಿಲ್ಲ. 2009ರಲ್ಲಿ ಅಪಘಾತವಾಗಿ ಒಂದು ಜೀವ ಹೋಯಿತು. ಪರಿಹಾರ ಯಾರು ಕೊಡಬೇಕು? 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಹೊಣೆ ಅವರದೇ. ನೊಂದವರು ಕೊಂಡವರ ಸಾಲು ಹಿಡಿದು ಅಲೆಯಬೇಕಾಗಿಲ್ಲ. ತೀರ್ಪು ನ್ಯಾಯವೇ. ಆದರೆ ಎಂದೋ ಕಾರು ಮಾರಿ ನಿಶ್ಚಿಂತೆಯಿಂದಿದ್ದವರ ಗತಿ?

ಇನ್ನೂ ಹತ್ತಿರದ್ದು ಬೇಕೇ? 2025ರ ನವೆಂಬರ್ 10ರಂದು ದೆಹಲಿಯ ಕೆಂಪುಕೋಟೆಯ ಬಳಿ ಕಾರೊಂದು ಸ್ಫೋಟಗೊಂಡಿತು. ಹರಿಯಾಣದಲ್ಲಿ ನೋಂದಣಿಯಾಗಿದ್ದ, ಹಲವು ಕೈ ಬದಲಾಗಿದ್ದ ಹಳೆಯ ಕಾರು ಅದು. ಪೊಲೀಸರು ಮೊದಲು ಹೋದದ್ದು ದಾಖಲೆಯಲ್ಲಿ ಹೆಸರಿದ್ದವರ ಮನೆಗೆ. ಕಾರು ಹೋದರೂ ಹೆಸರು ಹೋಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಪಾಠ ಬೇಡ.

ಹೆಸರು ಯಾಕೆ ಉಳಿಯುತ್ತದೆ? ಮಾರುವ ದಿನ ನಿಮ್ಮಿಂದ ಫಾರಂ 29 ಮತ್ತು 30ಕ್ಕೆ ಸಹಿ ತೆಗೆದುಕೊಳ್ಳುತ್ತಾರೆ. ಕೊಂಡವರ ಹೆಸರಿನ ಜಾಗ ಖಾಲಿ! ಕಾರು ಡೀಲರ್ ಬಳಿ ಎರಡು ತಿಂಗಳೋ ನಾಲ್ಕು ತಿಂಗಳೋ ನಿಂತು, ಕೊನೆಯ ಗಿರಾಕಿ ಸಿಕ್ಕಾಗ ಅವನ ಹೆಸರು ತುಂಬುತ್ತಾರೆ. ನಡುವಿನ ಕೈಗಳ ಹೆಸರಿನಲ್ಲಿ ವರ್ಗಾವಣೆ ಮಾಡಿಸುವ ಖರ್ಚು ಉಳಿಯಿತು. ಅಷ್ಟು ದಿನವೂ ಕಾನೂನಿನ ಕಣ್ಣಿಗೆ ಕಾರು ನಿಮ್ಮದೇ. ಸಿಗ್ನಲ್ ಹಾರಿದ ದಂಡ ನಿಮ್ಮ ಮೊಬೈಲಿಗೆ. ಫಾಸ್ಟ್ಯಾಗ್ ತೆಗೆಯದಿದ್ದರೆ ಟೋಲಿನ ಹಣವೂ ನಿಮ್ಮ ಖಾತೆಯಿಂದ.

ಇದನ್ನು ತಡೆಯುವ ಕಾನೂನು ಇಲ್ಲವೇ? ಇದೆ! 1988ರ ಮೋಟಾರು ವಾಹನ ಕಾಯ್ದೆಯ 50ನೇ ಕಲಂ ಪ್ರಕಾರ, ರಾಜ್ಯದೊಳಗೇ ಮಾರಿದವರು 14 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ ತಿಳಿಸಬೇಕು. ಸಾಲದೆಂದು ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ಹೊಸ ನಿಯಮ ಹೊರಡಿಸಿತು. 2023ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಹಳೆಯ ವಾಹನ ಕೊಂಡು ಮಾರುವ ಡೀಲರ್ ನೋಂದಣಿ ಪ್ರಾಧಿಕಾರದಿಂದ ಅಧಿಕಾರ ಪತ್ರ ಪಡೆಯಬೇಕು. ನೀವು ಕಾರು ಒಪ್ಪಿಸಿದ್ದನ್ನು ಫಾರಂ 29ಸಿ ಮೂಲಕ ಸರ್ಕಾರದ ಪೋರ್ಟಲಿನಲ್ಲಿ ದಾಖಲಿಸಿದರೆ, ಅಲ್ಲಿಂದ ಮುಂದೆ ಆ ಡೀಲರೇ ಮಾಲೀಕ ಎಂದು ಪರಿಗಣನೆ. ಹೊಣೆಯೂ ಅವನದೇ.

ಎಂಥ ಒಳ್ಳೆಯ ನಿಯಮ! ಆದರೆ ನಿಮ್ಮಲ್ಲಿ ಎಷ್ಟು ಜನ ‘29ಸಿ’ ಎಂಬ ಹೆಸರು ಕೇಳಿದ್ದೀರಿ? ಕೇಳಿರುವುದಿಲ್ಲ. ಯಾಕೆಂದರೆ ಅದು ಹಿಂದಿ, ಇಂಗ್ಲಿಷಿನ ಗೆಜೆಟ್ಟಿನಲ್ಲಿ ಹುಟ್ಟಿ, ಇಂಗ್ಲಿಷಿನ ಪೋರ್ಟಲಿನಲ್ಲಿ ಮಲಗಿದೆ. ನಮ್ಮನ್ನು ಕಾಯುವ ಕಾನೂನೇ ನಮ್ಮ ಭಾಷೆಯಲ್ಲಿ ಮಾತಾಡುವುದಿಲ್ಲ. ಭಾಷೆಯ ಪ್ರಶ್ನೆ ಎಂದರೆ ಅನ್ನದ ಪ್ರಶ್ನೆ ಎಂದು ನಾವು ಬಡಕೊಳ್ಳುವುದು ಇದಕ್ಕೇ.

ಹಾಗೆಂದು ‘ಕನ್ನಡ ಮಾತಾಡುವ ದಲ್ಲಾಳಿಯ ಬಳಿಗೇ ಹೋಗಿ’ ಎನ್ನುವ ಸುಲಭದ ಮಾತನ್ನು ನಾವು ಆಡುವುದಿಲ್ಲ. ಖಾಲಿ ಫಾರಮ್ಮಿಗೆ ಸಹಿ ಹಾಕಿಸಿಕೊಂಡು ಬೀರುವಿನಲ್ಲಿ ಇಟ್ಟುಕೊಳ್ಳುವ ವಿದ್ಯೆಯನ್ನು ನಮ್ಮ ದಲ್ಲಾಳಿಗಳೂ ಚೆನ್ನಾಗಿ ಬಲ್ಲರು. ‘ನಾವು ನಮ್ಮವರಲ್ವಾ ಅಣ್ಣಾ’ ಎಂದು ಅಚ್ಚ ಕನ್ನಡದಲ್ಲೇ ಟೋಪಿ ಹಾಕಿದವರಿದ್ದಾರೆ. ಬಾಯಿಮಾತಿನ ಕನ್ನಡ ಗ್ಯಾರಂಟಿ ಅಲ್ಲ. ಬರಹದ ಕನ್ನಡ ಬೇಕು. ನಾಳೆ ಠಾಣೆಯಲ್ಲೋ ಕೋರ್ಟಿನಲ್ಲೋ ತೋರಿಸಬಲ್ಲ, ಮನೆಯ ಹಿರಿಯರು ತಾವೇ ಓದಿ ತಿಳಿಯಬಲ್ಲ ಕಾಗದ ಬೇಕು.

ಆಗದ ಮಾತೇ ಇದು? ಸಾಲ ಕೊಡುವ ಬ್ಯಾಂಕೇತರ ಹಣಕಾಸು ಕಂಪನಿಗಳಿಗೆ ರಿಸರ್ವ್ ಬ್ಯಾಂಕ್ ಹಿಂದೆಯೇ ಕಟ್ಟಪ್ಪಣೆ ಮಾಡಿದೆ: ಸಾಲಗಾರರೊಂದಿಗಿನ ಪತ್ರ ವ್ಯವಹಾರ ಪ್ರಾದೇಶಿಕ ಭಾಷೆಯಲ್ಲಿ ಅಥವಾ ಅವರಿಗೆ ತಿಳಿಯುವ ಭಾಷೆಯಲ್ಲಿರಬೇಕು. ಕಾರು ಕೊಳ್ಳಲು ಸಾಲ ಕೊಡುವವನಿಗೆ ಇರುವ ನಿಯಮ, ಅದೇ ಕಾರನ್ನು ನಮ್ಮಿಂದ ಕೊಳ್ಳುವವನಿಗೆ ಯಾಕಿಲ್ಲ? ಬೋರ್ಡನ್ನು ಅಳತೆ ಪಟ್ಟಿ ಹಿಡಿದು ಅಳೆಯುವ ಸರ್ಕಾರಕ್ಕೆ ಕರಾರು ಪತ್ರ ಕಾಣುವುದಿಲ್ಲವೇ? ರಾಜ್ಯ ಸರ್ಕಾರ ಮನಸ್ಸು ಮಾಡಬೇಕು: ಜನಸಾಮಾನ್ಯರಿಂದ ಸಹಿ ಪಡೆಯುವ ಪ್ರತಿ ಕರಾರಿಗೂ ಕನ್ನಡ ಪ್ರತಿ ಕಡ್ಡಾಯವಾಗಲಿ. ಸಾರಿಗೆ ಇಲಾಖೆ 29, 30, 29ಸಿ ಫಾರಂಗಳ ಕನ್ನಡ ವಿವರಣೆಯನ್ನು ಪ್ರತಿ ಆರ್‌ಟಿಓ ಕಚೇರಿಯ ಗೋಡೆಗೆ ಅಂಟಿಸಲಿ. ಕಂಪನಿಗಳು ತಪಾಸಣೆ ಮತ್ತು ಗಿರಾಕಿ ಸೇವೆಯ ಕೆಲಸಕ್ಕೆ ಕನ್ನಡ ಬಲ್ಲ ಸ್ಥಳೀಯ ಹುಡುಗ ಹುಡುಗಿಯರನ್ನು ತೆಗೆದುಕೊಳ್ಳಲಿ. ಐಟಿಐ, ಡಿಪ್ಲೊಮಾ ಮುಗಿಸಿ ಕೆಲಸವಿಲ್ಲದೆ ಕುಳಿತ ನಮ್ಮ ಮಕ್ಕಳು ಕಡಿಮೆಯೇ?

ಸರ್ಕಾರ ಎಚ್ಚರಗೊಳ್ಳುವವರೆಗೆ ನೀವು ಎಚ್ಚರವಾಗಿರಿ. ಮನೆಯಲ್ಲಿ ಕಾರು ಮಾರುವ ಮಾತು ಬಂದರೆ ಈ ಪುಟವನ್ನು ಕತ್ತರಿಸಿ ಇಟ್ಟುಕೊಳ್ಳಿ.

ಒಂದು: ಒಂದೇ ಕಂಪನಿಯ ಬೆಲೆಗೆ ತಲೆಯಾಡಿಸಬೇಡಿ. ಎರಡು ಮೂರು ಕಡೆ ತೋರಿಸಿ. ‘ಇವತ್ತೊಂದೇ ದಿನ’ ಎಂದವರಿಗೆ ‘ನಾಳೆ ಬನ್ನಿ’ ಅನ್ನಿ.

ಎರಡು: ಎಲ್ಲ ಕಡಿತ ಕಳೆದು ಕೈಗೆ ಬರುವ ಹಣವೆಷ್ಟು, ತಡೆಹಿಡಿಯುವುದೆಷ್ಟು, ಅದು ಯಾವ ತಾರೀಖಿಗೆ ವಾಪಸ್ಸು ಎಂದು ಬರಹದಲ್ಲಿ ಕೇಳಿ. ಸ್ವಂತ ಬಳಕೆಯ ಕಾರು ಮಾರುವ ವ್ಯಕ್ತಿ ಕಾರಿನ ಬೆಲೆಯ ಮೇಲೆ ಜಿಎಸ್‌ಟಿ ಕಟ್ಟಬೇಕಿಲ್ಲ. 2024ರ ಡಿಸೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ನಿರ್ಧರಿಸಿದ ಶೇಕಡ 18 ತೆರಿಗೆ ನೋಂದಾಯಿತ ವ್ಯಾಪಾರಿಯ ಲಾಭಾಂಶದ ಮೇಲಿನದು, ಕಟ್ಟಬೇಕಾದವನು ಅವನು.

ಮೂರು: ಡೀಲರಿನ ಅಧಿಕಾರ ಪತ್ರ ಕೇಳಿ ನೋಡಿ. 29ಸಿ ದಾಖಲಿಸಿ ಸ್ವೀಕೃತಿ ಪಡೆಯದೆ ಕೀಲಿ ಕೊಡಬೇಡಿ. ಒಪ್ಪಿಸಿದ ದಿನ, ಗಂಟೆ, ಕಿಲೋಮೀಟರ್ ಬರೆದ ರಸೀದಿ ಇಟ್ಟುಕೊಳ್ಳಿ.

ನಾಲ್ಕು: ಖಾಲಿ ಫಾರಮ್ಮಿಗೆ ಸಹಿ ಬೇಡ. ಸಾಲ ತೀರಿದ್ದರೆ ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಮತ್ತು ಫಾರಂ 35 ಪಡೆದು ಆರ್.ಸಿ.ಯಲ್ಲಿರುವ ಬ್ಯಾಂಕಿನ ಹೆಸರು ತೆಗೆಸಿ. ಫಾಸ್ಟ್ಯಾಗ್ ಮುಚ್ಚಿಸಿ.

ಐದು: ವಿಮೆಯ ನೋ ಕ್ಲೈಮ್ ಬೋನಸ್ ಕಾರಿನದಲ್ಲ, ನಿಮ್ಮದು. ವಿಮಾ ಕಂಪನಿಯಿಂದ ಅದರ ಪ್ರಮಾಣಪತ್ರ ಪಡೆದರೆ ಮುಂದಿನ ಕಾರಿನ ಸ್ವಂತ ಹಾನಿ ವಿಮೆಯ ಕಂತಿನಲ್ಲಿ ಶೇಕಡ 50ರವರೆಗೆ ಉಳಿತಾಯ.

ಆರು, ಎಲ್ಲಕ್ಕಿಂತ ಮುಖ್ಯ: ‘ಕನ್ನಡ ಪ್ರತಿ ಎಲ್ಲಿ?’ ಎಂದು ಕೇಳಿ. ಇಲ್ಲ ಎಂದರೆ ಪ್ರತಿ ಷರತ್ತನ್ನೂ ಕನ್ನಡದಲ್ಲಿ ಓದಿ ಹೇಳುವವರೆಗೆ ಓಟಿಪಿ ಕೊಡಬೇಡಿ. ನಿಮಗೆ ಇಂಗ್ಲಿಷ್ ಬಂದರೂ ಕೇಳಿ. ನೀವು ಕೇಳುವುದು ನಿಮ್ಮ ಹಿಂದೆ ಸಾಲಿನಲ್ಲಿ ಬರುವ ಹಿರಿಯರಿಗಾಗಿ.

ಬೋರ್ಡಿಗೆ ಮಸಿ ಬಳಿಯಲು ಒಂದು ಡಬ್ಬಿ ಸಾಕು, ಐದು ನಿಮಿಷ ಸಾಕು. ಕೌಂಟರಿನ ಮುಂದೆ ಕುಳಿತು, ದನಿ ಏರಿಸದೆ, ‘ಇದು ಕನ್ನಡದಲ್ಲಿ ಬರಲಿ, ಆಮೇಲೆ ಸಹಿ’ ಎನ್ನುವುದಕ್ಕೆ ಗಟ್ಟಿ ಗುಂಡಿಗೆ ಬೇಕು. ದಿನಕ್ಕೆ ಹತ್ತು ಜನ ಹಾಗೆಂದು ಎದ್ದು ಬಂದರೆ ಒಂದೇ ತಿಂಗಳಲ್ಲಿ ಕನ್ನಡದ ಕರಾರು ಅಚ್ಚಾಗುತ್ತದೆ. ವ್ಯಾಪಾರಿಗೆ ಘೋಷಣೆ ಕೇಳಿಸುವುದಿಲ್ಲ, ಕೈತಪ್ಪಿದ ವ್ಯಾಪಾರ ಕೇಳಿಸುತ್ತದೆ.

ಕನ್ನಡಿಗರೇ, ಬೆಲೆ ನಿಮ್ಮ ಕಾರಿಗೆ ಕಟ್ಟಲಿ, ನಿಮ್ಮ ಭಾಷೆಗಲ್ಲ. ನೆತ್ತಿಯ ಮೇಲೆ ಗೆದ್ದ ಕನ್ನಡವನ್ನು ಇನ್ನು ಮೇಜಿನ ಮೇಲೂ ಗೆಲ್ಲಿಸೋಣ.

ಸಿರಿಗನ್ನಡಂ ಗೆಲ್ಗೆ!