ಸದಸ್ಯತ್ವದ ಕಾರ್ಡೂ ಶ್ರಾವಕನ ಉಗ್ರಾಣವೂ



ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ನಮ್ಮ ಮನೆಗಳಲ್ಲಿ ಈಚೆಗೆ ಒಂದು ಮಾತು ಪದೇಪದೇ ಕೇಳಿಬರುತ್ತಿದೆ. ದೊಡ್ಡ ಸಗಟು ಮಳಿಗೆಯ ಸದಸ್ಯತ್ವದ ಕಾರ್ಡು ಪಡೆದು, ಮೂರು ತಿಂಗಳ ದಿನಸಿಯನ್ನು ಒಮ್ಮೆಗೇ ತಂದಿಟ್ಟುಕೊಂಡರೆ ಬಹಳ ಉಳಿತಾಯವಾಗುವುದಂತೆ. ಗಂಡ ಹೆಂಡತಿ ಇಬ್ಬರೇ ಇರುವ ಮನೆಯವರೂ ಈ ಮಾತನ್ನು ನಂಬತೊಡಗಿದ್ದಾರೆ. ಬಸದಿಯ ಟ್ರಸ್ಟಿನ ಹೆಸರಿನಲ್ಲೇ ಒಂದು ಕಾರ್ಡು ಪಡೆದು ಸಮಾಜದ ಕುಟುಂಬಗಳೆಲ್ಲ ಅದನ್ನು ಬಳಸಿಕೊಳ್ಳಬಹುದಲ್ಲವೇ ಎಂಬ ಸಲಹೆಯೂ ಹೊರಟಿದೆ. ಈ ಎರಡು ಮಾತುಗಳಲ್ಲಿ ಮೊದಲನೆಯದು ಲೆಕ್ಕಕ್ಕೆ ನಿಲ್ಲದು, ಎರಡನೆಯದು ಧರ್ಮಕ್ಕೆ ನಿಲ್ಲದು ಎಂಬುದನ್ನು ನಿರೂಪಿಸುವುದೇ ಈ ಲೇಖನದ ಉದ್ದೇಶ.

ನಾನು ವ್ಯಾಪಾರಿ. ಆದಕಾರಣ ಚಿಲ್ಲರೆ ಅಂಗಡಿಯ ಪರವಾಗಿಯೇ ಬರೆಯುತ್ತಾನೆ ಎಂದು ಕೆಲವರು ಭಾವಿಸುವುದು ಸಹಜ. ಆ ಸಂದೇಹ ಇರಲಿ. ಓದುಗರು ನನ್ನ ಮಾತನ್ನು ನಂಬಬೇಕಾಗಿಲ್ಲ. ಅಂಕಿಗಳನ್ನು ತಾವೇ ಕೂಡಿ ಕಳೆದು ನೋಡಿದರೆ ಸಾಕು.

ಮೊದಲು ಈ ಪದ್ಧತಿಯ ಮೂಲವನ್ನು ಅರಿಯುವುದು ಉಚಿತ. 1976ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋ ನಗರದಲ್ಲಿ ಸಾಲ್ ಪ್ರೈಸ್ ಎಂಬಾತ ‘ಪ್ರೈಸ್ ಕ್ಲಬ್’ ಎಂಬ ಸಗಟು ಮಳಿಗೆಯನ್ನು ತೆರೆದನು. ಆರಂಭದಲ್ಲಿ ಅದು ಸಣ್ಣ ವ್ಯಾಪಾರಿಗಳಿಗೆಂದೇ ಇದ್ದುದು; ಗೃಹಸ್ಥರಿಗೆ ಬಾಗಿಲು ತೆರೆದದ್ದು ಅನಂತರ. 1983ರಲ್ಲಿ ಸಿಯಾಟಲ್‌ನಲ್ಲಿ ಕಾಸ್ಟ್‌ಕೋ ಪ್ರಾರಂಭವಾಯಿತು. 1993ರಲ್ಲಿ ಇವೆರಡೂ ಒಂದಾದವು. ಅಲ್ಲಿರುವ ನಮ್ಮ ಕನ್ನಡ ಕುಟುಂಬಗಳು 2024ರ ಸೆಪ್ಟೆಂಬರಿನಿಂದ ವರ್ಷಕ್ಕೆ 65 ಡಾಲರುಗಳ ಸದಸ್ಯಶುಲ್ಕವನ್ನು ತೆರುತ್ತಿವೆ. ಕಾಸ್ಟ್‌ಕೋದ 2024ರ ಲೆಕ್ಕಪತ್ರವನ್ನು ನೋಡಿದರೆ ಸದಸ್ಯಶುಲ್ಕದ ಆದಾಯವೇ ಸುಮಾರು 480 ಕೋಟಿ ಡಾಲರು. ವ್ಯವಹಾರದ ಒಟ್ಟು ಲಾಭ ಸುಮಾರು 930 ಕೋಟಿ ಡಾಲರು. ಎಂದರೆ ಲಾಭದ ಅರ್ಧಕ್ಕೆ ಸಮನಾದ ಮೊತ್ತ ಶುಲ್ಕದಿಂದಲೇ ಬರುತ್ತದೆ. ಸರಕನ್ನು ಅಲ್ಪ ಲಾಭಕ್ಕೆ ಮಾರುತ್ತಾರೆ ಎಂಬುದು ನಿಜ. ಬಾಗಿಲ ಬಳಿಯೇ ಲಾಭವನ್ನು ಪಡೆದಿರುತ್ತಾರೆ ಎಂಬುದೂ ಅಷ್ಟೇ ನಿಜ. ಇದರಲ್ಲಿ ಮೋಸವೇನೂ ಇಲ್ಲ. ಆದರೆ ಶುಲ್ಕ ಎಲ್ಲರಿಗೂ ಒಂದೇ, ಉಳಿತಾಯ ಮಾತ್ರ ಕೊಂಡಷ್ಟಕ್ಕೆ. ಹೆಚ್ಚು ಕೊಳ್ಳುವ ದೊಡ್ಡ ಸಂಸಾರಕ್ಕೆ ಹಗುರವಾದ ಶುಲ್ಕವು ಕಡಿಮೆ ಕೊಳ್ಳುವ ಸಣ್ಣ ಸಂಸಾರಕ್ಕೆ ಭಾರವಾಗುತ್ತದೆ. ಈ ಒಂದು ಸೂತ್ರ ತಿಳಿದರೆ ಉಳಿದುದೆಲ್ಲ ಸುಲಭ.

ಒಂದು ಉದಾಹರಣೆಯನ್ನು ಇಟ್ಟುಕೊಳ್ಳೋಣ. ಶುಲ್ಕ ವರ್ಷಕ್ಕೆ 1,000 ರೂಪಾಯಿ; ನಮ್ಮೂರ ಅಂಗಡಿಗಿಂತ ನೂರಕ್ಕೆ 5 ರೂಪಾಯಿ ಅಗ್ಗ. ಆಗ 20,000 ರೂಪಾಯಿಗಳ ಸರಕನ್ನು ಕೊಂಡ ಮೇಲಷ್ಟೇ ಶುಲ್ಕ ಹಿಂದಿರುಗುತ್ತದೆ. ಅಲ್ಲಿಯವರೆಗೆ ಉಳಿತಾಯ ಸೊನ್ನೆ. ಇನ್ನು ದಾರಿಯ ಖರ್ಚು. ಹಾಸನದಿಂದ ಬೆಂಗಳೂರಿಗೆ ಸುಮಾರು 185 ಕಿಲೋಮೀಟರು, ಹೋಗಿಬರಲು 370. ಲೀಟರಿಗೆ 15 ಕಿಲೋಮೀಟರು ಓಡುವ ಕಾರಿಗೆ ಸುಮಾರು 25 ಲೀಟರು ಪೆಟ್ರೋಲು ಬೇಕು. ಲೀಟರಿಗೆ 100 ರೂಪಾಯಿಯಂತೆ ಹಿಡಿದರೂ 2,500 ರೂಪಾಯಿ, ಟೋಲ್ ಬೇರೆ. ಈ ಪೆಟ್ರೋಲಿನ ಹಣವೊಂದನ್ನೇ ದುಡಿಯಲು ಒಂದೇ ಪ್ರಯಾಣದಲ್ಲಿ 50,000 ರೂಪಾಯಿಗಳ ದಿನಸಿಯನ್ನು ಕೊಳ್ಳಬೇಕು. ಇಬ್ಬರ ಮನೆಗೆ ಅಷ್ಟು ದಿನಸಿ ಏತಕ್ಕೆ? ಬೆಂಗಳೂರು ಬೇಡ, ಹಾಸನದಲ್ಲೇ ಅಂತಹ ಮಳಿಗೆಯಿದೆಯೆಂದು ಭಾವಿಸೋಣ. ಅರಕಲಗೂಡಿನಿಂದ ಸುಮಾರು 30 ಕಿಲೋಮೀಟರು. ಹೋಗಿಬರಲು 4 ಲೀಟರು, 400 ರೂಪಾಯಿ. ಅದನ್ನು ತುಂಬಿಕೊಳ್ಳಲು ಪ್ರತಿಸಾರಿ 8,000 ರೂಪಾಯಿಗಳ ಖರೀದಿ ಬೇಕು. ಬೇರೆ ಕೆಲಸಕ್ಕೆ ಹೇಗೂ ಹೋಗುವವರಿಗೆ ಈ ಖರ್ಚಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಕಾರ್ಡು ಕೈಗೆ ಬಂದಮೇಲೆ ಕಾರ್ಡಿಗಾಗಿಯೇ ಕೆಲಸವನ್ನು ಹುಡುಕಿಕೊಂಡು ಹೋಗುವವರೇ ಅಧಿಕ.

ಮೂರನೆಯದು ಕೆಡುವ ಲೆಕ್ಕ. ದಿನಕ್ಕೆ 100 ಗ್ರಾಂ ತೊಗರಿಬೇಳೆ ಬೇಯಿಸುವ ಮನೆಗೆ ತಿಂಗಳಿಗೆ 3 ಕಿಲೋ ಸಾಕು; 10 ಕಿಲೋ ಮೂಟೆ ಮೂರು ತಿಂಗಳಿಗೂ ಮೀರಿ ಉಳಿಯುತ್ತದೆ. ತಿಂಗಳಿಗೆ ಒಂದೂವರೆ ಲೀಟರು ಎಣ್ಣೆ ಬಳಸುವವರಿಗೆ 15 ಲೀಟರಿನ ಡಬ್ಬ ಹತ್ತು ತಿಂಗಳು ಬರುತ್ತದೆ. ಮುಚ್ಚಳ ತೆರೆದ ಎಣ್ಣೆ ಅಷ್ಟರೊಳಗೆ ಕಮಟು ಹಿಡಿಯದೆ ಇರುವುದೇ? ನೂರು ರೂಪಾಯಿಗೆ 5 ಉಳಿಸಿ, ಅದರಲ್ಲಿ ಹತ್ತನೆಯ ಒಂದು ಪಾಲು ಹುಳು ಹಿಡಿದು ಹೋದರೆ ಉಳಿತಾಯವೆಲ್ಲಿ? ಆದದ್ದು ನಷ್ಟವೇ.

ಇಲ್ಲಿಯವರೆಗೆ ಹೇಳಿದ್ದು ಯಾವ ಮತದವರಿಗಾದರೂ ಅನ್ವಯಿಸುವ ಲೆಕ್ಕ. ಆದರೆ ಜೈನ ಗೃಹಸ್ಥನಿಗೆ ಹುಳು ಹಿಡಿದ ಅಕ್ಕಿಯೆಂದರೆ ಕೇವಲ ಹಣದ ನಷ್ಟವಲ್ಲ. ಅದನ್ನು ಬಿಸಿಲಿಗೆ ಹರಡಿದರೂ, ಕೇರಿದರೂ, ಎಸೆದರೂ ತ್ರಸಜೀವಿಗಳ ಘಾತ ತಪ್ಪದು. ಈ ಕಾರಣದಿಂದಲೇ ನಮ್ಮ ಹಿರಿಯರು ಹಿಟ್ಟಿಗೆ ಕಾಲಮರ್ಯಾದೆಯನ್ನು ವಿಧಿಸಿದರು: ಮಳೆಗಾಲದಲ್ಲಿ 3 ದಿನ, ಬೇಸಿಗೆಯಲ್ಲಿ 5 ದಿನ, ಚಳಿಗಾಲದಲ್ಲಿ 7 ದಿನ. ಈ ಮರ್ಯಾದೆಯನ್ನು ಪಾಲಿಸುವ ಮನೆಗೆ 10 ಕಿಲೋ ಹಿಟ್ಟಿನ ಚೀಲ ಅಗ್ಗವಾದರೇನು, ಪುಕ್ಕಟೆಯಾದರೇನು? ಅಂತಹ ಮನೆಗೆ ಬೇಕಾದದ್ದು ಹತ್ತಿರದ ಗಿರಣಿ, ದೂರದ ಗೋದಾಮಲ್ಲ. ಸಕಲೇಶಪುರದ ಕಡೆಯಿಂದ ಬೀಸುವ ಆಷಾಢದ ತೇವದ ಗಾಳಿಗೆ ಬೇಳೆಕಾಳುಗಳು ಎಷ್ಟು ಬೇಗ ಮುಗ್ಗುವುವೆಂಬುದನ್ನು ನಮ್ಮ ಜಿಲ್ಲೆಯ ಗೃಹಿಣಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಪರಿಗ್ರಹ ಪರಿಮಾಣ ವ್ರತವನ್ನು ಇಲ್ಲಿ ಸ್ಮರಿಸುವುದು ಅವಶ್ಯ. ಪರಿಗ್ರಹವೆಂದರೆ ಚಿನ್ನ, ಬೆಳ್ಳಿ, ನಿವೇಶನಗಳು ಮಾತ್ರವೆಂದು ಅನೇಕರು ತಿಳಿದಿದ್ದಾರೆ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಈ ವ್ರತದ ಅತಿಚಾರಗಳನ್ನು ಎಣಿಸುವಾಗ ಧನದ ಜೊತೆಗೆ ಧಾನ್ಯವನ್ನೂ ಸೇರಿಸಿದ್ದಾರೆ. ತಾನೇ ಹಾಕಿಕೊಂಡ ಮಿತಿಯನ್ನು ಧಾನ್ಯದ ವಿಷಯದಲ್ಲಿ ಮೀರಿದರೂ ದೋಷವೇ. ಮಿತಿ ಹಾಕಿಕೊಳ್ಳುವುದು ಶ್ರಾವಕನ ಕೆಲಸ. ಮಿತಿಯನ್ನು ಮರೆಸುವುದು ‘ಎರಡು ಕೊಂಡರೆ ಒಂದು ಉಚಿತ’ ಎಂಬ ಫಲಕದ ಕೆಲಸ. ಬರಗಾಲಕ್ಕೆಂದು ರೈತನು ಕಣಜ ತುಂಬುವುದು ವಿವೇಕ. ಅಂಗಡಿ ಬೀದಿಯ ತಿರುವಿನಲ್ಲೇ ಇರುವಾಗ ಅಗ್ಗವೆಂಬ ಒಂದೇ ಕಾರಣಕ್ಕೆ ಕೋಣೆ ತುಂಬುವುದು ವಿವೇಕವಲ್ಲ.

ಇನ್ನು ಎರಡನೆಯ ಮಾತಿಗೆ ಬರೋಣ. ನಮ್ಮ ರಾಜ್ಯದಲ್ಲಿ ಇಂತಹ ಸಗಟು ಮಳಿಗೆಯನ್ನು ಮೊದಲು ತಂದದ್ದು ಜರ್ಮನಿಯ ಮೆಟ್ರೋ ಸಂಸ್ಥೆ. 2003ರಲ್ಲಿ ಬೆಂಗಳೂರಿನಲ್ಲಿ ಅದರ ಮಳಿಗೆಗಳು ಆರಂಭವಾದವು. ವಿದೇಶಿ ಬಂಡವಾಳದ ನಿಯಮಗಳಂತೆ ಅದು ವ್ಯಾಪಾರಿಗಳಿಗೆ, ಹೋಟೆಲುಗಳಿಗೆ, ಸಂಸ್ಥೆಗಳಿಗೆ ಮಾತ್ರ ಮಾರಬೇಕಾಗಿತ್ತು, ಮನೆಬಳಕೆಗೆ ಮಾರುವಂತಿರಲಿಲ್ಲ. ವ್ಯಾಪಾರದ ನೋಂದಣಿಯನ್ನು ತೋರಿಸಿದವರಿಗೇ ಕಾರ್ಡು. 2023ರಲ್ಲಿ ರಿಲಯನ್ಸ್ ರಿಟೇಲ್ ಈ ವ್ಯವಹಾರವನ್ನು 2,850 ಕೋಟಿ ರೂಪಾಯಿಗಳಿಗೆ ಕೊಂಡಿತು. ಒಡೆತನ ಯಾರದೇ ಆಗಲಿ, ವ್ಯಾಪಾರಕ್ಕೆಂದು ಕೊಟ್ಟ ಕಾರ್ಡನ್ನು ಎರವಲು ಪಡೆದು ಮನೆಯ ಸಾಮಾನು ತರುವ ಅಭ್ಯಾಸವನ್ನು ಜಾಣತನವೆಂದು ಹೇಳಿಕೊಳ್ಳುವವರಿದ್ದಾರೆ. ಅವರಿಗೆ ನನ್ನ ನೇರವಾದ ಪ್ರಶ್ನೆ ಇದು: ಬಿಲ್ಲಿನ ಮೇಲೆ ಯಾರ ಹೆಸರಿದೆ? ಸರಕನ್ನು ಉಂಡವರು ಯಾರು?

ಶಾಸ್ತ್ರವು ಇದಕ್ಕೆ ಹೆಸರುಗಳನ್ನು ಕೊಟ್ಟಿದೆ. ಸುಳ್ಳು ಲೇಖನವನ್ನು ಸೃಷ್ಟಿಸುವುದು ಕೂಟಲೇಖಕ್ರಿಯೆ. ಅದು ಸತ್ಯಾಣುವ್ರತದ ಅತಿಚಾರ. ರಾಜ್ಯದ ನಿಯಮವನ್ನು ಮೀರಿ ಕೊಳ್ಳುಕೊಡುಗೆ ನಡೆಸುವುದು ವಿರುದ್ಧರಾಜ್ಯಾತಿಕ್ರಮ. ಅದು ಅಚೌರ್ಯಾಣುವ್ರತದ ಅತಿಚಾರ. ಕಾನೂನಿನ ಮಾತೂ ಭಿನ್ನವಲ್ಲ. 2017ರ ಜುಲೈ 1ರಿಂದ ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯಲ್ಲಿ, ಸ್ವಂತ ಬಳಕೆಗೆ ಕೊಂಡ ವಸ್ತುವಿನ ಮೇಲೆ ತೆರಿಗೆಯ ಜಮಾ ಪಡೆಯುವಂತಿಲ್ಲ. ಕಾರ್ಡು ಕೊಟ್ಟ ವ್ಯಾಪಾರಿಮಿತ್ರನು ಆ ಬಿಲ್ಲನ್ನು ತನ್ನ ಲೆಕ್ಕಕ್ಕೆ ಸೇರಿಸಿದರೆ, ಪುಸ್ತಕದಲ್ಲಿ ಇರುವ ಸರಕು ಅಂಗಡಿಯಲ್ಲಿ ಇರುವುದಿಲ್ಲ. ಸ್ನೇಹಕ್ಕಾಗಿ ಮಾಡಿದ ಉಪಕಾರವು ಅವನ ಕೊರಳಿಗೆ ಉರುಳಾಗಬಹುದು. ನೂರಕ್ಕೆ ಐದು ರೂಪಾಯಿಗಾಗಿ ಎರಡು ಅಣುವ್ರತಗಳನ್ನೂ ಒಬ್ಬ ಮಿತ್ರನ ನೆಮ್ಮದಿಯನ್ನೂ ಒತ್ತೆಯಿಡುವುದು ಯಾವ ವ್ಯಾಪಾರ?

ಟ್ರಸ್ಟಿನ ಹೆಸರಿನ ಕಾರ್ಡು ಇನ್ನೂ ಗಂಭೀರವಾದ ವಿಷಯ. ಬಸದಿಯ ದ್ರವ್ಯವು ದಾನಿಗಳು ಜಿನಪೂಜೆಗೂ ಧರ್ಮಕಾರ್ಯಕ್ಕೂ ಸಮರ್ಪಿಸಿದ್ದು. ಅದರಿಂದ ಶುಲ್ಕ ಕಟ್ಟಿ, ಅದರ ಹೆಸರಿನಿಂದ ಕಮಿಟಿಯವರ ಮನೆಗೆ ಸಕ್ಕರೆಮೂಟೆ ತರುವುದು ಶ್ರಾವಕನು ಎಣಿಸಲೂ ಅಂಜಬೇಕಾದ ಕಾರ್ಯ. ಟ್ರಸ್ಟಿನ ಆಸ್ತಿಯಿಂದ ಟ್ರಸ್ಟಿಗಳಿಗೂ ಅವರ ಬಂಧುಗಳಿಗೂ ಪ್ರಯೋಜನವಾದರೆ ಆದಾಯತೆರಿಗೆಯ ವಿನಾಯಿತಿಗೇ ಕುತ್ತು ಬರುತ್ತದೆ ಎಂಬುದನ್ನು ನಮ್ಮ ಕಾರ್ಯದರ್ಶಿಗಳು ಮರೆಯಬಾರದು.

ಹಾಗಾದರೆ ಸಗಟು ಖರೀದಿಯೇ ತಪ್ಪೇ? ಖಂಡಿತ ಅಲ್ಲ. ಶ್ರವಣಬೆಳಗೊಳದಂತಹ ಕ್ಷೇತ್ರದಲ್ಲಿ ಯಾತ್ರಿಕರಿಗೆ ಊಟ ಬಡಿಸುವ ಭೋಜನಶಾಲೆಗೂ, ಪಂಚಕಲ್ಯಾಣದ ಅಡುಗೆಮನೆಗೂ, ವಿದ್ಯಾರ್ಥಿನಿಲಯಕ್ಕೂ ಸಗಟು ಖರೀದಿಯೇ ಸರಿಯಾದ ಮಾರ್ಗ. ಅಲ್ಲಿ ಮೂಟೆ ಹುಳು ಹಿಡಿಯುವ ಮೊದಲೇ ಬರಿದಾಗುತ್ತದೆ. ಬಿಲ್ಲು ಟ್ರಸ್ಟಿನ ಹೆಸರಿನಲ್ಲಿ, ಊಟವೂ ಟ್ರಸ್ಟಿನ ಪಂಕ್ತಿಯಲ್ಲಿ. ಹತ್ತು ಹನ್ನೆರಡು ಜನರ ಅವಿಭಕ್ತ ಕುಟುಂಬಕ್ಕೂ, ಗೃಹಸ್ಥರಿಗೆ ನ್ಯಾಯವಾಗಿ ತೆರೆದ ಮಳಿಗೆ ಹತ್ತಿರವಿದ್ದರೆ, ಲಾಭವಾಗಬಹುದು. ನನ್ನ ವಿರೋಧವಿರುವುದು ಸಣ್ಣ ಮನೆಯು ದೊಡ್ಡ ಮನೆಯ ಚೀಲವನ್ನು ಹೊರುವುದಕ್ಕೆ.

ಸಣ್ಣ ಮನೆಗೆ ಬೇರೆ ದಾರಿಗಳಿವೆ. ಅಗ್ಗದ ಬೆಲೆಗೆ ಶುಲ್ಕ ಬೇಕೇಬೇಕೆಂಬ ನಿಯಮವೇನಿಲ್ಲ. 2002ರಲ್ಲಿ ಮುಂಬಯಿಯಲ್ಲಿ ಆರಂಭವಾದ ಡಿ-ಮಾರ್ಟ್ ಸದಸ್ಯತ್ವವನ್ನೇ ಕೇಳದೆ ಅಗ್ಗಕ್ಕೆ ಮಾರಿ ಬೆಳೆಯಿತು. ಬಸದಿಯ ಆಸುಪಾಸಿನ ಐದು ಮನೆಗಳವರು ಕೂಡಿ ಮಂಡಿಯಿಂದ 25 ಕಿಲೋ ಬೇಳೆಯ ಮೂಟೆಯನ್ನು ಕೊಂಡು, ಆ ದಿನವೇ ತೂಗಿ ಐದೈದು ಕಿಲೋ ಹಂಚಿಕೊಳ್ಳಲಿ. ಬೆಲೆ ಸಗಟಿನದು, ಸಂಗ್ರಹ ಚಿಲ್ಲರೆಯದು. ಶುಲ್ಕವೂ ಇಲ್ಲ, ಹುಳುವೂ ಇಲ್ಲ. ಹೆಚ್ಚು ಜನ ಸೇರಿದರೆ ಬಳಕೆದಾರರ ಸಹಕಾರ ಸಂಘವನ್ನೇ ಕಟ್ಟಬಹುದು. 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘವನ್ನು ಕಟ್ಟಿ ದೇಶಕ್ಕೇ ದಾರಿ ತೋರಿದ ನಾಡು ನಮ್ಮದು. ನಮ್ಮ ಜಿಲ್ಲೆಯ ಹಳ್ಳಿಹಳ್ಳಿಗಳ ಹಾಲು ಸಂಘಗಳೂ ಅದೇ ತತ್ತ್ವದ ಮೇಲೆ ನಿಂತಿವೆ. ಅಲ್ಲಿಯೂ ಸದಸ್ಯತ್ವವಿದೆ. ಆದರೆ ಅಲ್ಲಿ ಕೊಟ್ಟ ಷೇರು ಹಣ ಸದಸ್ಯನ ಸ್ವತ್ತು. ಲಾಭ ಬಂದರೆ ಪಾಲುಂಟು, ಸಭೆಯಲ್ಲಿ ಒಬ್ಬರಿಗೆ ಒಂದು ಮತವುಂಟು. ಕಾರ್ಡಿನ ಸದಸ್ಯನಿಗೆ ಇವೆರಡೂ ಇಲ್ಲ. ಎರಡಕ್ಕೂ ಸದಸ್ಯತ್ವವೆಂಬ ಒಂದೇ ಹೆಸರಿರುವುದರಿಂದ ಮೋಸಹೋಗಬಾರದು.

ಬೀದಿಯ ಅಂಗಡಿಯವನಿಗೂ ಒಂದು ಮಾತು. ಗಿರಾಕಿಯು ದೂರ ಹೋಗಲು ನಿನ್ನ ತೂಕವೂ ಬೆಲೆಯೂ ಕಾರಣವಾಗಿದ್ದರೆ ಮೊದಲು ಅದನ್ನು ತಿದ್ದಿಕೋ. ಅಳತೆಯಲ್ಲಿ ಹೆಚ್ಚುಕಡಿಮೆ ಮಾಡುವುದನ್ನೂ ಶಾಸ್ತ್ರವು ಅದೇ ಅಚೌರ್ಯದ ಅತಿಚಾರಗಳಲ್ಲಿ ಎಣಿಸಿದೆ. ಕಾಲು ಕಿಲೋ ಬೇಳೆಯನ್ನು ಬೇಸರವಿಲ್ಲದೆ ಕಟ್ಟಿಕೊಡುವುದು, ತಿಂಗಳ ಕೊನೆಗೆ ಹಣ ಕೊಡುವೆನೆಂದ ವೃದ್ಧ ದಂಪತಿಗಳಿಗೆ ಲೆಕ್ಕ ಬರೆದುಕೊಳ್ಳುವುದು, ಇವು ಯಾವ ಗೋದಾಮೂ ಮಾಡದ ಸೇವೆಗಳು. ಅವನ್ನು ಪ್ರಾಮಾಣಿಕವಾಗಿ ಮಾಡಿದವನಿಗೆ ಕಾರ್ಡಿನ ಭಯವಿಲ್ಲ.

ಆದಕಾರಣ ಓದುಗರಲ್ಲಿ ನನ್ನ ವಿಜ್ಞಾಪನೆ ಇಷ್ಟೇ. ಕಾರ್ಡು ಕೊಳ್ಳುವ ಮುನ್ನ ಒಂದು ತಿಂಗಳು ಮನೆಯ ಖರ್ಚನ್ನು ಬರೆದಿಡಿ. ಒಂದು ವರ್ಷದ ಖರೀದಿಯನ್ನು ಅಂದಾಜು ಮಾಡಿ, ನೂರಕ್ಕೆ ಎಷ್ಟು ಉಳಿಯುವುದೆಂಬುದನ್ನು ನಿಜವಾದ ಬೆಲೆಗಳಿಂದ ತಿಳಿದು, ಶುಲ್ಕ, ಪ್ರಯಾಣ, ಕೆಡುವ ಪಾಲು ಈ ಮೂರನ್ನೂ ಕಳೆಯಿರಿ. ಉಳಿದ ಮೊತ್ತ ಕೈಗೆ ಹತ್ತುವಂತಿದ್ದರೆ, ಕಾರ್ಡು ನಿಮ್ಮದೇ ಹೆಸರಿನಲ್ಲಿ, ನಿಮ್ಮದೇ ಬಳಕೆಗೆ ನ್ಯಾಯವಾಗಿ ದೊರೆಯುವಂತಿದ್ದರೆ, ಧಾರಾಳವಾಗಿ ಕೊಳ್ಳಿರಿ. ಟ್ರಸ್ಟುಗಳ ಪದಾಧಿಕಾರಿಗಳು ಮುಂದಿನ ಸಭೆಯಲ್ಲೇ, ಬಸದಿಯ ಹೆಸರಿನ ಯಾವ ಖರೀದಿ ಕಾರ್ಡನ್ನೂ ಖಾಸಗಿ ಬಳಕೆಗೆ ಕೊಡಲಾಗದು ಎಂಬ ನಿರ್ಣಯವನ್ನು ದಾಖಲಿಸಲಿ. ಇಬ್ಬರು ಮೂವರಿರುವ ನಮ್ಮ ಊರುಗಳ ಬಹುಪಾಲು ಮನೆಗಳಲ್ಲಿ ಈ ಲೆಕ್ಕದ ಉತ್ತರ ‘ಬೇಡ’ ಎಂದೇ ಬರುವುದೆಂದು ನನ್ನ ದೃಢವಾದ ಅಭಿಪ್ರಾಯ.