ಕಲಿಸಲಾಗದ ಕವಾಯತು ಯಾರಿಗೆ ಬೇಕು?

ನವೆಂಬರ್ 1 ಹತ್ತಿರ ಬಂತೆಂದರೆ ಶಾಲಾ ಮೈದಾನಗಳಲ್ಲಿ ಡ್ರಮ್ಮಿನ ಸದ್ದು ಶುರು. ರಾಜ್ಯೋತ್ಸವದ ಪಥಸಂಚಲನ ಮುಗಿದ ಮೇಲೆ ಮಕ್ಕಳ ಬ್ಯಾಂಡ್ ಪ್ರದರ್ಶನ ಇದ್ದರೇ ಹಬ್ಬಕ್ಕೆ ಕಳೆ. ಅಂಗಡಿಯವರು ಬಾಗಿಲಿಗೆ ಬಂದು ನಿಲ್ಲುತ್ತಾರೆ, ಬಸ್ಸಿನಲ್ಲಿದ್ದವರು ಕಿಟಕಿಯಿಂದ ಇಣುಕುತ್ತಾರೆ. ಸಂತೋಷವೇ.

ಆದರೆ ಆಗುವುದೇನು? ಡ್ರಿಲ್ ಮಾಸ್ತರು ಕಾಗದದ ಮೇಲೆ ನಕ್ಷತ್ರ, ಕರ್ನಾಟಕದ ನಕ್ಷೆ, ಗಂಡಭೇರುಂಡ ಎಲ್ಲವನ್ನೂ ಬರೆದುಕೊಂಡು ಬರುತ್ತಾರೆ. ಕೈಯಲ್ಲಿರುವುದು ಎರಡು ವಾರ. ಪಾಠ ಬಿಟ್ಟು, ಬಿಸಿಲಲ್ಲಿ ನಿಂತು ಮಕ್ಕಳು ಬಸವಳಿಯುತ್ತಾರೆ. ಆ ದಿನ ನೋಡಿದರೆ ಗಂಡಭೇರುಂಡ ಹೋಗಿ ಕೋಳಿಯಾಗಿರುತ್ತದೆ! ಬೈಗುಳ ಮಾತ್ರ ಮಕ್ಕಳಿಗೆ.

ತಪ್ಪು ಮಕ್ಕಳದಲ್ಲ, ಲೆಕ್ಕದ್ದು. ಸೈನಿಕರ ತೇಜ್ ಚಲ್ ನಿಮಿಷಕ್ಕೆ 120 ಹೆಜ್ಜೆ, ಹೆಜ್ಜೆಗೆ 30 ಅಂಗುಲ. ಎಂಟು ಹೆಜ್ಜೆಗೆ 20 ಅಡಿ. ಏಳನೇ ತರಗತಿಯ ಹುಡುಗಿ ಹೆಜ್ಜೆಗೆ 24 ಅಂಗುಲ ಹಾಕಿದರೆ ಅದೇ ಹೊತ್ತಿನಲ್ಲಿ 16 ಅಡಿ ಹೋದಾಳು. ಅವಳನ್ನು 30 ಅಡಿ ಆಚೆ ನಿಲ್ಲು ಎಂದರೆ ಡ್ರಮ್ಮು ಹೊತ್ತು ಓಡಬೇಕಷ್ಟೆ.

ಶಬ್ದದ ಲೆಕ್ಕವೂ ಇದೆ. ಅದರ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಮೈದಾನದ ಈ ತುದಿಯ ಡ್ರಮ್ಮಿನ ಪೆಟ್ಟು 100 ಮೀಟರ್ ಆಚೆಯವನ ಕಿವಿಗೆ ಬೀಳುವಷ್ಟರಲ್ಲಿ ಅರ್ಧ ಹೆಜ್ಜೆಗಿಂತ ಹೆಚ್ಚು ಹೊತ್ತು ಕಳೆದಿರುತ್ತದೆ. ದೊಡ್ಡದಾಗಿ ಹರಡಿದ ಬ್ಯಾಂಡು ತಾಳ ತಪ್ಪುವುದು ಇದಕ್ಕೇ. ಡ್ರಮ್ಮುಗಳು ನಡುವೆ ಒತ್ತಾಗಿರಲಿ, ಉಳಿದವರು ಸುತ್ತ ಹತ್ತಿರವಿರಲಿ.

ಬ್ಯೂಗಲ್ಲಿನಲ್ಲಿ ಒತ್ತಲು ಗುಂಡಿಯಿಲ್ಲ. ಸ್ವರವೆಲ್ಲ ತುಟಿ ಮತ್ತು ಉಸಿರಿನ ಮೇಲೆ. ತಿರುಗುತ್ತಾ, ಸಾಲು ನೋಡುತ್ತಾ ಊದು ಎಂದರೆ ಹುಡುಗ ಯಾವುದನ್ನು ಮಾಡಿಯಾನು? ಊದುವಾಗ ನಿಲ್ಲಿಸಿ, ಬರೀ ಡ್ರಮ್ಮು ನುಡಿಯುವಾಗ ನಡೆಸಿದರೆ ಎರಡೂ ಚೊಕ್ಕವಾಗುತ್ತವೆ.

ಇನ್ನು ಚಿತ್ರ ಯಾರಿಗಾಗಿ? ಶಾಮಿಯಾನದಡಿ ನೆಲಮಟ್ಟದಲ್ಲಿ ಕುಳಿತ ಗಣ್ಯರಿಗೆ ನಕ್ಷೆಯೂ ಒಂದೇ, ಗುಂಪೂ ಒಂದೇ. ಅಲ್ಲಿಂದ ಚೆನ್ನಾಗಿ ಕಾಣುವುದು ನೇರ ಸಾಲು, ಒಟ್ಟಿಗೆ ಬೀಳುವ ಕಾಲು, ಒಂದು ಸಾಲಿನೊಳಗಿಂದ ಇನ್ನೊಂದು ಸಾಲು ಹಾದುಹೋಗುವ ನಡೆ. ಒಬ್ಬ ಹುಡುಗ ಜ್ವರ ಬಂದು ಮಲಗಿದರೆ ನಕ್ಷತ್ರಕ್ಕೆ ಮೂಲೆಯೇ ಇಲ್ಲ. ಸಾಲಾದರೆ ಒತ್ತಿ ನಿಂತರಾಯಿತು.

1907ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಬ್ಯಾಂಡು ಮೈದಾನದಲ್ಲಿ ‘ಪಿ’ ಅಕ್ಷರವಾಗಿ ನಿಂತದ್ದು ಇಂದಿಗೂ ಹೆಸರಾಗಿದೆ. ಬರೆದದ್ದು ಒಂದೇ ಅಕ್ಷರ! ಮೈಸೂರು ದಸರೆಯ ಪೊಲೀಸ್ ಬ್ಯಾಂಡನ್ನು ಜನ ಕಾದು ನೋಡುತ್ತಾರೆ. ಅದರ ಹಿಂದೆ ವರ್ಷವಿಡೀ ವಾದ್ಯವೇ ಕಸುಬಾದವರ ಅಭ್ಯಾಸವಿದೆ. ಅದನ್ನು ಎರಡು ವಾರದಲ್ಲಿ ಮಕ್ಕಳಿಂದ ಹಿಂಡಲು ಹೊರಡುವುದು ಜಾಣತನವಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು.

ಮೊದಲು ದಿನ ಎಣಿಸಿ, ಆಮೇಲೆ ಚಿತ್ರ ಬರೆಯಿರಿ. ಮೂರು ಚಿತ್ರ ಸಾಕು. ನೆಲಕ್ಕೆ ಸುಣ್ಣದ ಗುರುತು ಹಾಕಿ. ಪ್ರತಿ ಮಗುವಿಗೂ ತನ್ನ ಜಾಗ, ಪಕ್ಕದವರು, ಎಷ್ಟು ಹೆಜ್ಜೆ ಎಂಬ ಮೂರೇ ಮಾತು ಬಾಯಿಪಾಠವಿರಲಿ. ಹೊಸಬರು ಹಳಬರ ನಡುವೆ ನಿಲ್ಲಲಿ.

ತೀರ್ಪುಗಾರರೂ ಆಡಂಬರಕ್ಕೆ ಮಾರ್ಕು ಕೊಡುವುದನ್ನು ಬಿಟ್ಟು ಅಚ್ಚುಕಟ್ಟಿಗೆ ಕೊಡಲಿ. ಮಾಸ್ತರುಗಳು ತಾವಾಗಿಯೇ ದಾರಿಗೆ ಬರುತ್ತಾರೆ. ಶಿಕ್ಷಣ ಇಲಾಖೆ ಕಾರ್ಯಕ್ರಮವನ್ನು ಎರಡು ತಿಂಗಳು ಮುಂಚೆ ತಿಳಿಸಲಿ, ಅಭ್ಯಾಸ ಬೆಳಿಗ್ಗೆ ಒಂಬತ್ತರೊಳಗೆ ಮುಗಿಯಲಿ. ರಾಜ್ಯೋತ್ಸವ ನಾಡಿನ ಹಬ್ಬ. ಮಕ್ಕಳನ್ನು ಬಿಸಿಲಿಗೆ ಬೀಳಿಸಿ ಆಚರಿಸುವ ಹಬ್ಬವಲ್ಲ.